ಉಪ್ಪು ಯಾವ ಸೀಸೆಯಲ್ಲಿದೆ?

ನಮ್ಮ ಬೀದಿಯಲ್ಲಿ ಎಲ್ಲರೂ ಅವನನ್ನು ಡೈರೆಕ್ಟರ್ ಎನ್ನುತ್ತಾರೆ. ಆಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದ ದಾಖಲೆಯ ಪ್ರಕಾರ ಅವನು ಬರೀ ಸಹಾಯಕ. ಆದರೆ ಬೆಳಗ್ಗೆ ಮಾಂಸದ ಅಂಗಡಿಯ ಮುಂದೆ ನಿಂತು ಕುರಿಯ ಲಿವರನ್ನು ಬೆರಳಿನಿಂದ ಒತ್ತಿ ನೋಡುವಾಗ ಅವನ ಮುಖದಲ್ಲಿರುವ ಗಾಂಭೀರ್ಯ ಎಷ್ಟೋ ನ್ಯಾಯಾಧೀಶರಿಗೂ ದಕ್ಕಿದ್ದಲ್ಲ.

"ಇದು ಅಡುಗೆಗಲ್ಲಪ್ಪಾ, ಸೈನ್ಸಿಗೆ."

"ಯಾವುದಕ್ಕಾದ್ರೂ ತಗೊಳ್ಳಿ ಡೈರೆಕ್ಟ್ರೇ, ಒತ್ತಿ ಒತ್ತಿ ನನ್ನ ಮಾಲನ್ನ ಹಿಟ್ಟು ಮಾಡ್ಬೇಡಿ."

ಸೈನ್ಸ್ ಇಷ್ಟೇ. ಲಿವರಿನಲ್ಲಿ ಗಡ್ಡೆಯಾದವರಿಗೆ ಸೂಜಿಯಂಥ ಒಂದು ಕಡ್ಡಿ ಚುಚ್ಚಿ, ಅದರ ತುದಿಯಿಂದ ಮೈಕ್ರೋವೇವ್ ಬಿಟ್ಟು, ಗಡ್ಡೆಯನ್ನು ಒಳಗಿಂದೊಳಗೇ ಬೇಯಿಸಿ ಕೊಲ್ಲುತ್ತಾರೆ. ಗಡ್ಡೆ ದೊಡ್ಡದಾಗಿದ್ದರೆ ಅಂಚು ಹಸಿಯಾಗಿಯೇ ಉಳಿದು ಮತ್ತೆ ಚಿಗುರುತ್ತದೆ. ಅದಕ್ಕೇ ಪ್ರಯೋಗಾಲಯದ ಡಾಕ್ಟರಮ್ಮ ಉಪ್ಪು ಬೆರೆಸಿದ ಒಂದು ಲೋಳೆ ಕಂಡುಹಿಡಿದಿದ್ದರು. ಮೊದಲು ಅದನ್ನು ಚುಚ್ಚಿಟ್ಟರೆ ಬಿಸಿಯನ್ನು ಹಿಡಿದುಕೊಂಡು ಹೆಚ್ಚು ಜಾಗ ಬೇಯಿಸುತ್ತದೆ ಎಂಬುದು ಅವರ ವಾದ. ಪರೀಕ್ಷೆ ನಡೆಯುತ್ತಿದ್ದುದು ಕುರಿಯ ಲಿವರಿನ ಮೇಲೆ; ಹೋಲಿಸಿ ನೋಡಲು ಉಪ್ಪಿಲ್ಲದ ಲೋಳೆಯೂ ಒಂದು ಸೀಸೆ. ಡೈರೆಕ್ಟರ್ ಮಾತ್ರ ಬೀದಿಯಲ್ಲಿ "ನಮ್ಮ ಲೋಳೆ" ಎಂದೇ ಹೇಳುತ್ತಿದ್ದ. ಕಲಕಿದ್ದು ಅವನೇ ತಾನೆ!

ಹೀಗಿರುವಾಗ ಪ್ರಯೋಗಾಲಯವನ್ನು ಪರಿಶೀಲಿಸಲು ದೊಡ್ಡವರ ಸಮಿತಿ ಬರುತ್ತದೆಂದು ಸುದ್ದಿಯಾಯಿತು. ಲೋಳೆಯ ಮಹಿಮೆಯನ್ನು ಕಣ್ಣಾರೆ ಕಾಣದಿದ್ದರೆ ಪ್ರಯೋಗಾಲಯಕ್ಕೆ ಬೀಗ. ಡೈರೆಕ್ಟರನಿಗೆ ಆಸ್ಪತ್ರೆಯ ಉಗ್ರಾಣಕ್ಕೆ ವರ್ಗ. ಉಗ್ರಾಣದ ಮುಖ್ಯಸ್ಥ ಅವನ ಹೆಂಡತಿಯ ತಮ್ಮ. ಮದುವೆಯ ದಿನದಿಂದ "ಏನೋ, ಬಾರೋ" ಎಂದು ಕರೆದವನನ್ನು ಇನ್ನು ಸಾರ್ ಎನ್ನಬೇಕು.

"ಒಂದು ಸಲ ಸಾರ್ ಅಂದ್ರೆ ನಿಮ್ಮ ಬಾಯಿ ಸವೆಯುತ್ತಾ?" ಎಂದಳು ಹೆಂಡತಿ.

"ಸವೆಯೋದು ಬಾಯಲ್ಲ ಕಣೇ, ನಾನು!"

ಸಮಿತಿ ಬರುವ ದಿನ ಬೆಳಗ್ಗೆ ಅವನು ಸೊಂಟ ಕಟ್ಟಿ ನಿಂತ. ನೆಲ ಉಜ್ಜಿದ, ಮೇಜು ಉಜ್ಜಿದ, ಯಂತ್ರದ ಗುಂಡಿಗಳನ್ನೂ ಬಿಡಲಿಲ್ಲ. ಎರಡು ಸೀಸೆಗಳ ಮೇಲೆ ಡಾಕ್ಟರಮ್ಮನ ಕಾಗೆ ಕಾಲಿನ ಅಕ್ಷರವಿದ್ದ ಕೊಳಕು ಪ್ಲಾಸ್ಟರ್ ಅಂಟಿತ್ತು. ದೊಡ್ಡವರು ನೋಡುವ ವಸ್ತುವೇ ಅದು? ಬಿಸಿನೀರಿನಲ್ಲಿ ನೆನೆಸಿ, ಕೆರೆದು, ತೊಳೆದು, ಫಳಫಳ ಹೊಳೆಯುವ ಹಾಗೆ ಮಾಡಿ ಪಕ್ಕಪಕ್ಕ ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು ಸೊಬಗು ಸವಿದ. ಆಮೇಲೆ ಅವನ ಮುಖ ಬಿಳಿಚಿತು. ಎರಡು ಸೀಸೆಯ ಲೋಳೆಯೂ ಒಂದೇ ಬಣ್ಣ, ಒಂದೇ ದಪ್ಪ.

ಅಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರಮ್ಮ, ಅವರ ಹಿಂದೆಯೇ ಸಮಿತಿಯ ಬೂಟಿನ ಸದ್ದು.

"ಮೇಡಂ, ಉಪ್ಪಿನದು ಯಾವುದು ಅಂತ..." ಎಂದು ಡಾಕ್ಟರಮ್ಮನ ಕಿವಿಯಲ್ಲಿ ಉಸುರಿದ.

"ಯಾವುದು?"

"ಅದನ್ನೇ ನಾನೂ ಕೇಳ್ತಿರೋದು."

ಡಾಕ್ಟರಮ್ಮ ಅವನನ್ನು ನೋಡಿದ ನೋಟದಲ್ಲಿ ಲಿವರು ಯಂತ್ರವಿಲ್ಲದೆಯೇ ಬೇಯಬಹುದಿತ್ತು. ಉಪ್ಪಿನಂಶ ಅಳೆಯುವ ಮೀಟರು ರಿಪೇರಿಗೆ ಹೋಗಿತ್ತು. ಅವರು ಗಂಟಲು ಸರಿಮಾಡಿಕೊಂಡು ಸಮಿತಿಯ ಕಡೆ ತಿರುಗಿದರು.

"ಇವತ್ತಿನ ಪರೀಕ್ಷೆ ಪೂರ್ತಿ ನಿಷ್ಪಕ್ಷಪಾತ. ಯಾವ ಸೀಸೆಯಲ್ಲಿ ಉಪ್ಪಿದೆ ಅಂತ ಈ ಕೋಣೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ."

ಇಷ್ಟು ಸತ್ಯವಾದ ಮಾತು ಆ ಸಮಿತಿ ಎಂದೂ ಕೇಳಿರಲಿಲ್ಲ. ಅಧ್ಯಕ್ಷರು ತಲೆದೂಗಿದರು.

ಎಡಗಡೆಯ ಲಿವರಿಗೆ ಎಡಗಡೆಯ ಸೀಸೆಯ ಲೋಳೆ, ಬಲಗಡೆಯದಕ್ಕೆ ಬಲಗಡೆಯದು ಚುಚ್ಚಿ, ಕಡ್ಡಿ ಇಳಿಸಿ, ಸಮನಾಗಿ ಬೇಯಿಸಿ, ಸೀಳಿ ನೋಡಿದರು. ಎಡಗಡೆ ಬೆಂದು ಬಿಳಿಚಿದ ಭಾಗ ನಿಂಬೆಹಣ್ಣಿನಷ್ಟು. ಬಲಗಡೆ ಗೋಲಿಯಷ್ಟು.

"ಭೇಷ್! ಆದ್ರೆ ಉಪ್ಪಿದ್ದಿದ್ದು ಎಡಗಡೆ ಸೀಸೇಲೇ ಅನ್ನೋದಕ್ಕೆ ಏನು ಸಾಕ್ಷಿ?" ಎಂದರು ಅಧ್ಯಕ್ಷರು.

ಡಾಕ್ಟರಮ್ಮ ರಿಪೇರಿಗೆ ಹೋದ ಮೀಟರಿನ ಖಾಲಿ ಜಾಗ ನೋಡಿದರು. ಉಗ್ರಾಣದ ಕಿಟಕಿ ಡೈರೆಕ್ಟರನ ಕಣ್ಣಿಗೆ ಕಟ್ಟಿತು. ಹಿಂದುಮುಂದು ನೋಡದೆ ಅವನು ಎಡಗಡೆಯ ಸೀಸೆಯಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದ. ತಕ್ಷಣ ಹೇಳಿದನೇ? ಇಲ್ಲ. ಸಿಕ್ಕ ಅವಕಾಶ ಬಿಡುವ ಕುಳವಲ್ಲ ಅದು. ಕಣ್ಣು ಮುಚ್ಚಿದ. ನಾಲಿಗೆಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಆಡಿಸಿದ. ಡಾಕ್ಟರಮ್ಮ ಮೇಜಿನ ಅಂಚು ಹಿಡಿದುಕೊಂಡರು.

"ಇದೆ. ಹದಕ್ಕಿಂತ ಒಂಚೂರು ಮುಂದೆನೇ ಇದೆ."

ಬಲಗಡೆಯದನ್ನೂ ನೆಕ್ಕಿ ಮುಖ ಸಿಂಡರಿಸಿದ. "ಇದು ಸಪ್ಪೆ. ಆಸ್ಪತ್ರೆ ಕ್ಯಾಂಟೀನಿನ ಸಾರಿದ್ದ ಹಾಗೆ."

"ಒಬ್ಬರ ಮಾತು ಸಾಲದು," ಎಂದು ಅಧ್ಯಕ್ಷರು ತಾವೂ ಅಂಗೈ ಚಾಚಿದರು. ಅವರ ಹಿಂದೆ ಇನ್ನಿಬ್ಬರು. ನಾಲ್ಕನೆಯವರು ಮಾತ್ರ "ನನಗೆ ಬಿ.ಪಿ. ಇದೆ, ಸಪ್ಪೆದೇ ಕೊಡಿ" ಎಂದರು. ಕೋಟು ತೊಟ್ಟ ಹಿರಿಯರೆಲ್ಲ ಸಾಲಾಗಿ ನಿಂತು ಅಂಗೈ ನೆಕ್ಕುವ ದೃಶ್ಯವನ್ನು ಡಾಕ್ಟರಮ್ಮ ಗೋಡೆಯ ಕಡೆ ತಿರುಗಿ, ಕರವಸ್ತ್ರ ಕಚ್ಚಿಕೊಂಡು, ಹೇಗೋ ದಾಟಿದರು.

ಪ್ರಯೋಗಾಲಯ ಉಳಿಯಿತು. ಅಧ್ಯಕ್ಷರು ಹಾಕಿದ್ದು ಒಂದೇ ಷರತ್ತು: ಇನ್ನು ಮುಂದೆ ಪ್ರತಿ ಸೀಸೆಗೂ ಅಚ್ಚಾದ ಲೇಬಲ್ ಇರಬೇಕು, ಇವತ್ತಿನಿಂದಲೇ.

ಲೇಬಲ್ ಸಿಗುವುದು ಉಗ್ರಾಣದಲ್ಲಿ. ಡೈರೆಕ್ಟರ್ ಕಿಟಕಿಯ ಮುಂದೆ ನಿಂತು ಕೆಮ್ಮಿದ. ಒಳಗಿನಿಂದ ಭಾವಮೈದುನನ ತಲೆ ಕಾಣಿಸಿತು.

"ಏನು ಭಾವ, ಸಮಿತಿ ಮುಂದೆ ಅಂಗೈ ನೆಕ್ಕಿದ್ರಂತೆ?"

"ಅದಕ್ಕೆ ಸೈನ್ಸಲ್ಲಿ ದೃಢೀಕರಣ ಅಂತಾರೆ ಕಣೋ," ಎಂದ ಡೈರೆಕ್ಟರ್, "ತೆಗಿ, ಎರಡು ಕಟ್ಟು ಲೇಬಲ್."