ಎಡಕ್ಕೆ ತಿರುಗದ ಬೈಕು

ಗೇಟಮ್ಮನನ್ನು ನಂಬಿಸುವುದು ಅಂದರೆ ಹುಡುಗಾಟವಲ್ಲ. ಸಿನಿಮಾ ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿದು ಹರಿದೇ ಆಯುಸ್ಸು ಕಳೆದವಳು. ನಿನ್ನೆಯ ಟಿಕೆಟ್ಟಿಗೆ ಇಸ್ತ್ರಿ ಹಾಕಿ ತರುವವರು, ಮೀಸೆ ಚಿಗುರುತ್ತಿರುವ ಮಗನಿಗೆ ಅರ್ಧ ಟಿಕೆಟ್ ತೋರಿಸುವವರು, ಎಲ್ಲರನ್ನೂ ಕಂಡಿದ್ದಾಳೆ. ಅವಳ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಟಾಕೀಸು ಮುಚ್ಚಿತು, ಕೆಲಸ ಹೋಯಿತು, ಅನುಮಾನ ಮಾತ್ರ ಅವಳ ಹಿಂದೆಯೇ ಮನೆಗೆ ಬಂತು. ಹಾಲಿನವನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರಿಗೂ ಅದರಲ್ಲಿ ಪಾಲು. ದೊಡ್ಡ ಪಾಲು ಸೊಸೆಗೆ.

ಅತ್ತೆ ಸೊಸೆಯ ನಡುವೆ ಸಲಿಗೆ ಅಂತ ಇದ್ದದ್ದು ಟಿವಿಯಲ್ಲಿ ಆಡುವ ಬೈಕ್ ರೇಸು ಒಂದೇ. ಮಗ ಮದುವೆಗೆ ಮುಂಚೆ ಕೊಂಡಿದ್ದ ಹಳೇ ಗೇಮ್ ಪೆಟ್ಟಿಗೆ, ಗೀರು ಬಿದ್ದ ಒಂದು ಡಿಸ್ಕು, ಎರಡು ಕಂಟ್ರೋಲರು. ಸೊಸೆ ಕೊರಿಯರ್ ಆಫೀಸಿನಿಂದ ಬಂದು ಮುಖ ತೊಳೆದಳೋ, ಇಬ್ಬರೂ ಟಿವಿ ಮುಂದೆ. ಕಪ್ಪು ಕಂಟ್ರೋಲರು ಅತ್ತೆಯದು, ಬೂದು ಸೊಸೆಯದು. ಗೆಲುವು ಯಾವತ್ತೂ ಅತ್ತೆಯದೇ. ಎಡ ತಿರುವು ಬಂದರೆ ಸಾಕು, ಸೊಸೆಯ ಬೈಕು ಸೀದಾ ಹೋಗಿ ಗೋಡೆಗೆ ಗುದ್ದುತ್ತಿತ್ತು. "ಎಡ ಯಾವುದು ಬಲ ಯಾವುದು ಗೊತ್ತಿಲ್ಲದವಳನ್ನ ಕಟ್ಕೊಂಡು ಬಂದಿದಾನಲ್ಲ ನನ್ನ ಮಗ" ಎಂದು ಗೇಟಮ್ಮ ರೇಗಿಸುತ್ತಿದ್ದಳು. ಸೊಸೆ ನಕ್ಕು ಅಡುಗೆಮನೆಗೆ ಹೋಗುತ್ತಿದ್ದಳು.

ಈಗ ಮನೆ ಬದಲಾಯಿಸುವ ಗಡಿಬಿಡಿ. ಹೊಸ ಮನೆ ಚಿಕ್ಕದು. ಸೊಸೆ ಹಳೇ ಸಾಮಾನನ್ನೆಲ್ಲ ಒಂದೊಂದಾಗಿ ಸಾಗಹಾಕುತ್ತಿದ್ದಳು. ಕಬ್ಬಿಣದ ಬೀರು ಹೋಯಿತು, ಟೇಬಲ್ ಫ್ಯಾನು ಹೋಯಿತು, ಕಾಲು ಮುರಿದ ಮಂಚವೂ ಹೋಯಿತು. ಅವಳು ಫೋನಿನಲ್ಲಿ ಯಾರಿಗೋ "ಇರೋದೇ ಎರಡು ರೂಮು, ಹಳೇದೆಲ್ಲ ಹಿಡಿಸಲ್ಲ" ಎಂದದ್ದು ಗೇಟಮ್ಮನ ಕಿವಿಗೆ ಬಿತ್ತು. ಆ ಮನೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇವತ್ತಲ್ಲ ನಾಳೆ ಮಗಳ ಮನೆಗೆ ದಬ್ಬುತ್ತಾರೆ. ಮಗಳ ಮನೆಯಲ್ಲಿ ಒಂದು ಲೋಟ ನೀರು ಕೇಳುವುದಕ್ಕೂ ಅವಳಿಗೆ ಸಂಕೋಚ.

ಅಷ್ಟರಲ್ಲಿ ಗೇಮ್ ಪೆಟ್ಟಿಗೆಯ ಸರದಿಯೂ ಬಂತು.

"ಹಳೇದನ್ನ ಕಂಟ್ರೋಲರು ಸಮೇತ ಅಂಗಡಿಗೆ ಕೊಟ್ಟು ಇದನ್ನ ತಂದೆ ಅತ್ತೆ. ಅದು ಬಿಸಿಯಾಗಿ ತಾನಾಗೇ ಆಫ್ ಆಗ್ತಿತ್ತಲ್ಲ. ನಿಮ್ಮ ಡಿಸ್ಕು ಇದರಲ್ಲೂ ಓಡುತ್ತೆ" ಎಂದು ಸೊಸೆ ಹೊಸ ಪೆಟ್ಟಿಗೆಗೆ ವೈರು ಸಿಕ್ಕಿಸಿದಳು.

ಓಡಿತು ನಿಜ. ಅದೇ ಬೈಕು, ಅದೇ ಹಾಡು. ಆದರೆ ಗೇಟಮ್ಮ ಸೋತಳು. ಮತ್ತೆ ಆಡಿದಳು, ಮತ್ತೆ ಸೋತಳು. ಸೊಸೆಯ ಬೈಕು ಎಡ ತಿರುವುಗಳಲ್ಲಿ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಗುತ್ತಿತ್ತು. ಇದರಲ್ಲೇನೋ ಮಸಲತ್ತಿದೆ, ಆಟವನ್ನೇ ತಿದ್ದಿಸಿ ತಂದಿದ್ದಾಳೆ ಎಂದುಕೊಂಡಳು ಗೇಟಮ್ಮ. ಆಟದಲ್ಲಿ ಸೋಲಿಸಿ ಬಾಯಿ ಮುಚ್ಚಿಸುವುದು, ಆಮೇಲೆ ಗಂಟುಮೂಟೆ ಕಟ್ಟಿಸುವುದು.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಪರೀಕ್ಷೆಗೆ ಕೂತಳು. ಆ ಆಟದ ಮೂರನೇ ಸುರಂಗದಲ್ಲಿ ಒಂದು ದೀಪದ ಕೆಳಗೆ ಗೋಡೆ ಸರಿಯಾಗಿ ಕೂತಿಲ್ಲ. ಮೆಲ್ಲಗೆ ಹೋಗಿ ಒತ್ತಿದರೆ ಬೈಕು ಗೋಡೆಯೊಳಗೇ ಹೊಕ್ಕು ಕತ್ತಲಲ್ಲಿ ನೇತಾಡುತ್ತದೆ. ಆಟ ಮಾಡಿದವರ ತಪ್ಪು ಅದು. ತಿದ್ದಿದ ಆಟವಾದರೆ ಮೊದಲು ತಿದ್ದುವುದೇ ಅದನ್ನು. ಗೇಟಮ್ಮ ಉಸಿರು ಬಿಗಿಹಿಡಿದು ಒತ್ತಿದಳು. ಬೈಕು ಗೋಡೆಯೊಳಗೆ ಹೋಗಿ ನೇತಾಡಿತು. ಹಳೇ ತಪ್ಪು ಸಮೇತ ಬಂದಿದೆ ಅಂದಮೇಲೆ ಆಟ ಅಸಲಿಯೇ. ಹಾಗಾದರೆ ಮೋಸ ಎಲ್ಲಿದೆ? ಹಳೇ ಪೆಟ್ಟಿಗೆಯಲ್ಲೇ ಒಮ್ಮೆ ಆಡಿ ನೋಡೋಣವೆಂದು ಅವಳು ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ನಡೆದಳು.

"ನನ್ನ ಸೊಸೆ ಕೊಟ್ಟ ಪೆಟ್ಟಿಗೆ, ಒಂದು ಸಲ ಹಾಕಿ ತೋರಿಸಪ್ಪ" ಎಂದಳು. ಅಂಗಡಿಯವನು ಹಾಕಿಕೊಟ್ಟ. ಕೈಗೆ ಸಿಕ್ಕಿದ್ದು ಬೂದು ಕಂಟ್ರೋಲರು. ಮೊದಲ ಎಡ ತಿರುವು ಬಂತು, ಒತ್ತಿದಳು. ಬೈಕು ಸೀದಾ ಗೋಡೆಗೆ. ಹೆಬ್ಬೆರಳು ನೋಯುವಷ್ಟು ಒತ್ತಿದಳು. ಮತ್ತೆ ಗೋಡೆಗೆ.

"ಅದರ ಎಡ ಗುಂಡಿ ಸತ್ತು ಎಷ್ಟೋ ವರ್ಷ ಆಗಿದೆ" ಎಂದ ಅವನು. "ನಿಮ್ಮ ಸೊಸೆಗೂ ಹೇಳಿದೆ. 'ಗೊತ್ತು, ಅದರಲ್ಲಿ ಆಡ್ತಿದ್ದದ್ದು ನಾನೇ' ಅಂದ್ರು. ಅವರು ಒಯ್ದಿದ್ದಕ್ಕಿಂತ ಒಳ್ಳೇ ಪೆಟ್ಟಿಗೆ ತೋರಿಸಿದೆ, ಅದರಲ್ಲಿ ಹಳೇ ಡಿಸ್ಕು ಓಡಲ್ಲ ಅಂದಿದ್ದಕ್ಕೆ ಮುಟ್ಟಲೂ ಇಲ್ಲ. ಅತ್ತೆ ಡಿಸ್ಕು ಓಡಲೇಬೇಕು ಅಂತ ಒಂದೇ ಹಟ."

ಇಷ್ಟು ವರ್ಷ ಗೆದ್ದು ಬೀಗಿದ್ದೆಲ್ಲ ನೆನಪಾಗಿ ಗೇಟಮ್ಮನಿಗೆ ನಾಚಿಕೆಯಾಯಿತು.

ಸಂಜೆ ಸೊಸೆ ಬಂದಳು. ಗೇಟಮ್ಮ ಗೇಟಿನ ದನಿಯಲ್ಲೇ ಕೇಳಿದಳು: "ಈ ಪೆಟ್ಟಿಗೇನ ಹೊಸ ಮನೇಲಿ ಎಲ್ಲಿಡ್ತೀಯ?"

"ನಿಮ್ಮ ರೂಮಲ್ಲಿ. ಟಿವಿನೂ ಅಲ್ಲೇ. ನಮ್ಮದರಲ್ಲಿ ಜಾಗ ಎಲ್ಲಿದೆ ಅತ್ತೆ?"

ಗೇಟಮ್ಮ ಆಟ ಶುರು ಮಾಡಿದಳು. ಕೊನೆಯ ಎಡ ತಿರುವಿನಲ್ಲಿ ಸೊಸೆಯ ಬೈಕು ಸೀದಾ ಹೋಗಿ ಗೋಡೆಗೆ ಗುದ್ದಿತು. ಗೆದ್ದ ಗೇಟಮ್ಮ ತಿರುಗಿ, ಹಳೇ ಟಿಕೆಟ್ ನೋಡುವ ಹಾಗೆ ಸೊಸೆಯ ಮುಖ ನೋಡಿದಳು.

"ಇದರ ಎಡ ಗುಂಡಿ ಚೆನ್ನಾಗೇ ಇದೆ."

ಸೊಸೆ ಕಂಟ್ರೋಲರನ್ನು ತೊಡೆಯ ಮೇಲಿಟ್ಟಳು.

"ಇನ್ನೊಂದು ಸಲ ಬೇಕಂತ ಗುದ್ದಿದ್ರೆ, ನಾನೇ ಮಗಳ ಮನೆಗೆ ಹೊರಟುಬಿಡ್ತೀನಿ."

ಸೊಸೆ ಕಣ್ಣೊರೆಸಿಕೊಂಡು ಮತ್ತೆ ಆಟ ಹಚ್ಚಿದಳು. ಆ ಸಲ ಗೇಟಮ್ಮ ಹೀನಾಯವಾಗಿ ಸೋತಳು.