ಬಾಲದ ಚುಕ್ಕಿಗೆ ಯಾವ ಕ್ಯಾಮೆರಾ

ಈಗ ಮೊಮ್ಮಗಳು ಆಕಾಶದ ಫೋಟೋ ತೆಗೆಯುತ್ತಾಳೆ. ಅವಳ ದುರ್ಬೀನಿನ ಬೆನ್ನ ಮೇಲೆ ಇನ್ನೊಂದು ಮರಿ ದುರ್ಬೀನು. ಅದಕ್ಕೆ ಕಚ್ಚಿಸಿದ ಚಿಕ್ಕ ಕ್ಯಾಮೆರಾ ಒಂದೇ ಚುಕ್ಕಿಯನ್ನು ನೋಡುತ್ತಿದ್ದು, ಚುಕ್ಕಿ ಸರಿದರೆ ಮೋಟಾರಿಗೆ ತಾನೇ ಹೇಳುತ್ತದಂತೆ. ಇಷ್ಟೆಲ್ಲ ಇದ್ದೂ ಯಾವ ಕ್ಯಾಮೆರಾ ಕೊಳ್ಳಲಿ ಎಂದು ಆರು ತಿಂಗಳಿಂದ ಒದ್ದಾಡುತ್ತಿದ್ದಾಳೆ. ಈ ರೋಗ ನನಗೆ ಹೊಸದಲ್ಲ. ನಮ್ಮ ಮನೆಯ ಇಬ್ಬರು ಗಂಡಸರಿಗೆ ಬಂದು ಹೋದದ್ದೇ. ಆಗ ಚುಕ್ಕಿ ನೋಡಿ ತಿರುಗಿಸುವ ಮೋಟಾರು ನಾನಾಗಿದ್ದೆ.

ನನ್ನ ಗಂಡನಿಗೆ ಸಾಗರದ ಪೇಟೆಯಲ್ಲಿ ಫೋಟೋ ಸ್ಟುಡಿಯೋ. ಅವರ ತಮ್ಮ ಹೊಸನಗರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಬಾಲದ ಚುಕ್ಕಿ ಎಂಬತ್ತಾರರಲ್ಲಿ ಬಂತಲ್ಲ, ಅದರ ಫೋಟೋ ತೆಗೆದು ತೀರ್ಥಹಳ್ಳಿಯ ವಿಜ್ಞಾನ ಪ್ರದರ್ಶನದಲ್ಲಿ ಇಡಬೇಕೆಂದು ಮೈದುನ ಹಟ ಹಿಡಿದ. ಹಿಂದಿನ ವರ್ಷ ಅಲ್ಲಿ ಇಟ್ಟ ಅವನ ಚಿತ್ರಪಟವನ್ನು ಪುಸ್ತಕ ನೋಡಿ ಬರೆದದ್ದೆಂದು ಕಾಲೇಜಿನವರು ನಕ್ಕಿದ್ದರು. ಈ ಸಲ ತಾನೇ ಕಂಡದ್ದನ್ನು ತೋರಿಸಿ ಆ ನಗುವನ್ನು ಮುಚ್ಚಿಸಬೇಕಿತ್ತು ಅವನಿಗೆ.

ನಮ್ಮಲ್ಲಿ ಎರಡು ಕ್ಯಾಮೆರಾ. ಒಂದು ಮಾವನ ಕಾಲದ್ದು, ಮಡಚಿಡುವಂಥದ್ದು. ಸೆಲ್ಲಿಲ್ಲ, ಏನಿಲ್ಲ, ಬಾಯಿ ತೆರೆದಿಟ್ಟರೆ ಮುಚ್ಚುವ ತನಕ ತೆರೆದೇ ಇರುತ್ತದೆ. ಫಿಲ್ಮೂ ಅಗಲ. ಇನ್ನೊಂದು ಗಂಡ ಹೊಸದಾಗಿ ತಂದದ್ದು, ಒಳಗೆ ಕೆಂಪು ದೀಪ ಮಿಣುಕುವಂಥದ್ದು. ಮದುವೆ ಮನೆಯಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ಮದುಮಗನಿಗಿಂತ ಹೆಚ್ಚು ಮೆರೆಯುತ್ತಿದ್ದರು. ಅಣ್ಣ ತಮ್ಮ ಸೇರಿ ಎರಡು ತಿಂಗಳು ಪತ್ರಿಕೆ ಓದಿ, ಲೆನ್ಸಿನ ಜಾತಕ ನೋಡಿ, ಹೊಸದೇ ಆಗಬೇಕೆಂದು ತೀರ್ಮಾನಿಸಿದರು. ಹಳೆಯದೇ ಸಾಕು ಎಂದು ನಾನು ಹೇಳಿದ್ದಕ್ಕೆ, ಮೂರನೇ ಕ್ಲಾಸಿನವಳಿಗೆ ಇದೆಲ್ಲ ಎಂತಕ್ಕೆ ಎಂದರು ಗಂಡ.

ಶಿವರಾತ್ರಿ ಕಳೆದ ಮೇಲೆ ಹೊಸನಗರಕ್ಕೆ ಹೋದೆವು. ಬಾಲದ ಚುಕ್ಕಿ ಕಾಣುತ್ತಿದ್ದದ್ದು ಬೆಳಗಿನ ಜಾವ. ಹುಣ್ಣಿಮೆ ದಾಟಿದರೆ ಆ ಹೊತ್ತಿಗೆ ಬೆಳದಿಂಗಳು, ಆಮೇಲೆ ಮೋಡ. ಇದ್ದದ್ದು ನಾಲ್ಕೈದು ಬೆಳಗು. ಮೈದುನ ಬಡಗಿಯಿಂದ ಎರಡು ಹಲಗೆಗೆ ತಿರುಗಣಿ ಹಾಕಿಸಿ, ನಡುವೆ ಉದ್ದನೆಯ ತಿರುಪು ಕೂರಿಸಿದ್ದ. ತಿರುಪು ತಿರುಗಿಸಿದಂತೆ ಮೇಲಿನ ಹಲಗೆ ಕ್ಯಾಮೆರಾ ಸಮೇತ ಆಕಾಶದ ಜೊತೆ ಏಳಬೇಕು. ಪಕ್ಕದ ಸಣ್ಣ ದುರ್ಬೀನಿನಲ್ಲಿ ಅಡ್ಡಗೆರೆಯ ಮೇಲೆ ಒಂದು ಚುಕ್ಕಿಯನ್ನು ಹತ್ತು ನಿಮಿಷ ಹಿಡಿದಿಡಬೇಕು. ತಪ್ಪಿದರೆ ಚುಕ್ಕಿಗಳೆಲ್ಲ ಗೀಟುಗಳಾಗುತ್ತವೆ.

ಮೊದಲ ಬೆಳಗು, ಶಾಲೆಯ ಬಯಲಿನಲ್ಲಿ, ಮೂರನೇ ನಿಮಿಷಕ್ಕೆ ಹೊಸ ಕ್ಯಾಮೆರಾ ಟಕ್ಕೆಂದು ಬಾಯಿ ಮುಚ್ಚಿತು. ತೆರೆದಿಡುವುದಕ್ಕೂ ಅದಕ್ಕೆ ಸೆಲ್ ಬೇಕಂತೆ. ಸೆಲ್ ಮುಗಿದಿತ್ತು. ಆ ಸೆಲ್ಲು ಸಿಗುವುದು ಶಿವಮೊಗ್ಗದಲ್ಲಿ. ಮರುದಿನವೂ ಅದರ ಮರುದಿನವೂ ಇಬ್ಬನಿ. ನಾಲ್ಕನೆಯ ಬೆಳಗು ನಾನು ಸೀರೆ ಗಂಟಿನಿಂದ ಹಳೆಯ ಕ್ಯಾಮೆರಾ ತೆಗೆದು ಹಲಗೆಯ ಮೇಲಿಟ್ಟೆ.

ತಿರುಪಿನ ಹತ್ತಿರ ಗಂಡ ಕೂತರೆ ನಶ್ಯದ ಸೀನು. ಮೈದುನ ಕೂತರೆ ಪಾಠ. "ಏಳಿ ಇಬ್ರೂ, ಒದೆಯೋ ಎಮ್ಮೆ ಕರೆದವಳು ನಾನು" ಎಂದು ಕೂತೆ. ಹತ್ತು ನಿಮಿಷ ತಿರುಪಿನ ಮೇಲಿನ ಕೈಯೊಂದನ್ನು ಬಿಟ್ಟು ಬೇರೇನೂ ಅಲ್ಲಾಡಿಸಲಿಲ್ಲ. ಫಿಲ್ಮ್ ತೊಳೆದಾಗ ನೋಡಿದೆವು: ಬಾಲದ ಸುತ್ತ ಸಾಸಿವೆ ಚೆಲ್ಲಿದ ಹಾಗೆ ದುಂಡನೆಯ ಚುಕ್ಕಿಗಳು. ಒಂದೂ ಗೀಟಾಗಿರಲಿಲ್ಲ. ಮೈದುನ ನನ್ನ ಕಾಲು ಮುಟ್ಟಲು ಬಂದ. ಕಾಫಿಗೆ ಹಾಲು ಕಾಯಿಸಬೇಕು, ದಾರಿ ಬಿಡು ಎಂದೆ.

ಪ್ರದರ್ಶನದ ದಿನ ಗಂಡ ದೊಡ್ಡ ಫೋಟೋ ಮಾಡಿ, ಕಟ್ಟು ಹಾಕಿಸಿ, ಪೇಪರು ಸುತ್ತಿ ನೇರ ತೀರ್ಥಹಳ್ಳಿಗೆ ತಂದರು. ಮೈದುನ ಬಿಚ್ಚಿದ.

"ಅಣ್ಣ, ಚುಕ್ಕಿಗಳೆಲ್ಲಿ?"

"ತೆಗ್ದೆ ಮಾರಾಯ. ಎರಡು ದಿನ ಕೂತು, ಫಿಲ್ಮಿನ ಮೇಲೆ ಬ್ಲೇಡಲ್ಲಿ ಒಂದೊಂದೇ ಕೆರೆದೆ. ಬಿಳಿ ಬಿಳಿ ಚುಕ್ಕೆ ಇದ್ರೆ ಫಿಲ್ಮು ತೊಳೆಯೋಕೆ ಬರಲ್ಲ ಅಂತಾರೆ ಜನ. ಈಗ ನೋಡು, ಬಾಲ ಎಷ್ಟು ಕ್ಲೀನಾಗಿದೆ."

ಫೋಟೋದಲ್ಲಿ ಮುಖದ ಸಿಡುಬಿನ ಕಲೆ ಅಳಿಸಿ ಹೆಣ್ಣುಗಳ ಮದುವೆ ಮಾಡಿಸಿದ ಕೈ ಅದು. ಆಕಾಶವನ್ನೂ ಗಂಡಿನ ಕಡೆಯವರಿಗೆ ತೋರಿಸುವ ಫೋಟೋ ಎಂದುಕೊಂಡಿತು.

ಕಾಲೇಜಿನ ಮೇಷ್ಟ್ರೊಬ್ಬರು ಬಂದು ಕನ್ನಡಕ ಏರಿಸಿ ನೋಡಿದರು. ಕರಿ ಹಲಗೆಯ ಮೇಲೆ ಸೀಮೆಸುಣ್ಣ ಎಳೆದು ಫೋಟೋ ತೆಗೆದಿರೇನು ಎಂದು ಕೇಳಿ ಮುಂದೆ ಹೋದರು. ಆಕಾಶದ್ದೇ ಎನ್ನುವುದಕ್ಕೆ ಸಾಕ್ಷಿಯಾಗಿದ್ದ ಚುಕ್ಕಿಗಳು ಸಾಗರದ ಸ್ಟುಡಿಯೋದ ಕಸದಲ್ಲಿದ್ದವು. ಮೈದುನ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟು, ಅಣ್ಣನ ಕಡೆ ತಿರುಗಿಯೂ ನೋಡದೆ ಹೊಸನಗರದ ಬಸ್ಸು ಹತ್ತಿದ.

ಗಂಡ ಅದನ್ನು ತಂದು ಅಂಗಡಿಯ ಗಾಜಿನ ಹಿಂದೆ ಇಟ್ಟರು. ಎಂಥ ಕ್ಲೀನ್ ಕೆಲಸ ಎಂದು ಹೊಗಳಿದವರೇ ಎಲ್ಲ. ನಾಲ್ಕು ವರ್ಷದ ಮೇಲೆ ಮೈದುನ ತನ್ನ ಮಗಳ ಮದುವೆಗೆ ಶಿವಮೊಗ್ಗದಿಂದ ಫೋಟೋದವನನ್ನು ಕರೆಸಿದ. ಗಂಡ ಹೊಟ್ಟೆನೋವೆಂದು ಮನೆಯಲ್ಲೇ ಉಳಿದರು. ನಾನು ಹೋಗಿ ಎರಡು ಹೋಳಿಗೆ ಹಾಕಿಸಿಕೊಂಡು ಉಂಡು ಬಂದೆ.