ನಮ್ಮ ಮನೆತನದ ಕಾಮಾಲಿ

ಈ ಸಲದ ಎಳ್ಳ ಅಮಾವಾಸ್ಯೆ ದಿನ ಉಗಾರ ಬುದ್ರುಕದ ನಮ್ಮ ಹೊಲದಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಗಳು ಸವಿತಾಳನ್ನು ಸತ್ತಿ ಊರಿನ ಮಹಾದೇವಿಯವರ ಮಗನಿಗೆ ಕೊಡುವ ಮಾತಾಗಿತ್ತು, ಹಾಗಾಗಿ ಅವರನ್ನೂ ಕರೆದಿದ್ದೆ. ನನ್ನ ಅವ್ವ ಸಜ್ಜಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡವಳು ಹಂಗೇ ಎದ್ದು ಕಬ್ಬಿನ ಸಾಲಿನೊಳಗೆ ಹೋದಳು. ಹಿಂದೆ ಹೋಗಿ ನೋಡಿದರೆ ತುತ್ತನ್ನು ಉಗುಳಿ, ಉಳಿದ ರೊಟ್ಟಿಯನ್ನು ನಾಯಿಗೆ ಹಾಕುತ್ತಿದ್ದಳು.

"ಎಷ್ಟ ದಿನ ಆತಬೇ ಹಿಂಗ?" ಅಂದೆ.

"ದೀಪಾವಳಿಯಿಂದ. ಹಾಲಾಗ ನೆನಸಿದ್ರ ಇಳಿತೈತಿ. ಸುಮ್ನಿರು, ಬೀಗರು ಕೇಳಿಸ್ಕೊಂತಾರ."

ನನಗೆ ಮೊದಲು ಬರುವುದು ಸಿಟ್ಟು, ಅಳು ಆಮೇಲೆ. "ಬೀಗರ ಮಾರಿಗೆ ಬೆಂಕಿ ಹತ್ತಲಿ!" ಅಂದುಬಿಟ್ಟೆ. ಪುಣ್ಯಕ್ಕೆ ಮಹಾದೇವಿಯವರು ದೂರದಲ್ಲಿದ್ದರು.

ಮಿರಜಿನ ದವಾಖಾನೆಯಲ್ಲಿ ಗಂಟಲೊಳಗೆ ನಳಿಗೆ ಬಿಟ್ಟು ನೋಡಿದರು. ಅನ್ನನಾಳದಲ್ಲಿ ಗಡ್ಡೆ ಇತ್ತು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅವ್ವ ಹನ್ನೆರಡು ವರ್ಷದವಳಿದ್ದಾಗಿನಿಂದ ಮಿಶ್ರಿ ತಿಕ್ಕುತ್ತಿದ್ದಳು. ನಿಪ್ಪಾಣಿ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಹಲ್ಲಿಗೆ ತಿಕ್ಕುವುದು ನಮ್ಮ ಕಡೆಯ ಹೆಂಗಸರಿಗೆ ಚಹಾ ಇದ್ದಂಗೆ. ಆ ಡಬ್ಬಿಯನ್ನು ನಾನೇ ಎಷ್ಟು ಸಲ ತುಂಬಿಸಿ ಕೊಟ್ಟಿದ್ದೆನೋ!

ರಿಪೋರ್ಟ್ ಬರುವ ದಿನ ಮಹಾದೇವಿಯವರೂ ಎಳನೀರು ಹಿಡಿದುಕೊಂಡು ಬಂದರು. "ಬೀಗತಿ ಆಗಾಕಿ, ನಾ ಬರದಿದ್ರ ಹೆಂಗ್ರಿ?" ಅಂತ ನಮ್ಮ ಜೊತೆಗೇ ಒಳಗೆ ಬಂದು ಕೂತರು. ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು.

"ಕ್ಯಾನ್ಸರ್ ಐತ್ರಿ. ಗಡ್ಡೆಯಾಗ ಪಿ ಐವತ್ಮೂರು ಅನ್ನೋ ಜೀನ್ ಕೆಟ್ಟೈತಿ. ಕಬ್ಬಿನ ಡಬಲ್ ಟ್ರಾಲಿ ಟ್ರ್ಯಾಕ್ಟರ್ ನೋಡೀರಲ್ಲ? ಇಳಿಜಾರಿನ್ಯಾಗ ಅದರ ಬ್ರೇಕ್ ಹೋದ್ರ ಏನಾಗತೈತಿ? ಈ ಜೀನ್ ನಮ್ಮ ಮೈಯಾಗಿನ ಕಣಗಳಿಗೆ ಬ್ರೇಕ್ ಇದ್ದಂಗ. ಹೆಚ್ಚಿನ ಮಂದಿಗೆ ತಂಬಾಕಿನಂಥದ್ದಕ್ಕ, ವಯಸ್ಸಿಗೆ, ಅದು ಆಮ್ಯಾಲೆ ಕೆಡತೈತಿ. ಎಲ್ಲೋ ಕೆಲವ್ರು ಹುಟ್ಟುವಾಗನ ಕೆಟ್ಟ ಬ್ರೇಕ್ ತಂದಿರ್ತಾರ. ಅಂಥ ಮನಿತನದಾಗ ಸಣ್ಣ ವಯಸ್ಸಿನವ್ರಿಗೆ ಎದಿ, ಎಲುಬು, ಮಿದುಳಿನ ಕ್ಯಾನ್ಸರ್ ಬರತಾವ. ಅದಕ್ಕ ಕೇಳ್ತೀನಿ, ನಿಮ್ಮ ತಾಯಿ ಕಡೆ ಯಾರಿಗಾದ್ರೂ ಆಗಿತ್ತೇನ್ರಿ?"

ಆಗಿತ್ತು. ಅವ್ವನ ತವರು ಪಾಲಬಾವಿ. ಅಲ್ಲಿ ನನ್ನ ದೊಡ್ಡ ಮೌಶಿ, ಅಂದರೆ ಅವ್ವನ ಅಕ್ಕ, ಮೂವತ್ತೆರಡಕ್ಕೇ ಎದೆಯ ಗಡ್ಡೆಯಿಂದ ಹೋದಳು. ಸಣ್ಣ ಮೌಶಿಯ ಮಗ ಕಾಲೆಲುಬಿನ ಗಡ್ಡೆಯಾಗಿ ಹದಿನೇಳಕ್ಕೆ ತೀರಿಕೊಂಡ. ಊರಿಗೆಲ್ಲ ಹೇಳಿದ್ದು ಮಾತ್ರ ಒಂದೇ ಮಾತು: ಕಾಮಾಲಿ ಆಗಿತ್ತು. ಕ್ಯಾನ್ಸರ್ ಅಂದರೆ ಆ ಮನೆಯ ಹೆಣ್ಣನ್ನು ಯಾರು ಕೇಳುತ್ತಾರೆ? ನನ್ನ ಲಗ್ನವಾದದ್ದೂ ಆ ಕಾಮಾಲಿಯ ಮರೆಯಲ್ಲೇ.

ಪಕ್ಕದಲ್ಲಿ ಮಹಾದೇವಿಯವರು. ನಿಶ್ಚಯಕ್ಕೆ ಇನ್ನು ಎಂಟೇ ದಿನ.

"ಇಲ್ರಿ ಮ್ಯಾಡಮ್," ಅಂದೆ. "ಒಬ್ಬ ಮೌಶಿ ಕಾಮಾಲಿ ಆಗಿ ಹೋದಳು, ಅಷ್ಟ."

ಕಾಮಾಲಿ ಅಂದ ಕೂಡಲೇ ಮಹಾದೇವಿಯವರು ತಟ್ಟನೆ ನನ್ನ ಮುಖ ನೋಡಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಅವರು ತಲೆ ತಗ್ಗಿಸಿದರು.

ಮರುದಿನ ಬೆಳಿಗ್ಗೆ ಅವ್ವ ಕಟ್ಟೆಯ ಮೇಲೆ ಕೂತು ಗಂಜಿ ಗುಟುಕರಿಸುತ್ತಿದ್ದಳು. ಸವಿತಾ ಒಳಗೆ ನಿಶ್ಚಯದ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ನಾನು ಕಸ ಹೊಡೆದ ಜಾಗವನ್ನೇ ಮತ್ತೆ ಹೊಡೆಯುತ್ತಿದ್ದೆ.

"ಆ ಡಾಕ್ಟರ್ ಬಾಯಾರು ಕೇಳಿದ್ದು ನನ್ನ ಸಲುವಾಗಿ ಅಲ್ಲ," ಅಂದಳು ಅವ್ವ. "ನಿನ್ನ ಸಲುವಾಗಿ, ಒಳಗ ಕುಂತಾಳಲ್ಲ, ಅಕಿ ಸಲುವಾಗಿ. ನನಗ ತುತ್ತ ಇಳಿವಲ್ದು, ನಿನಗ ಸುಳ್ಳ ಇಳಿವಲ್ದು. ಹೋಗಿ ಉಗುಳಿ ಬಾ."

ಕಸಬರಿಗೆ ಅಲ್ಲೇ ಒಗೆದು ಉಗಾರ ಸ್ಟೇಷನ್ನಿಗೆ ಓಡಿದೆ. ಮಿರಜಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಹಾಳೆ ತೆಗೆದು ಹೆಣ್ಣಿಗೆ ಸುತ್ತು, ಗಂಡಿಗೆ ಚೌಕ ಬರೆದು, ಸತ್ತವರ ಮೇಲೆ ಗೀಟು ಎಳೆದರು. ಕೆಳಗೆ ಒಂದು ಸಣ್ಣ ಸುತ್ತು ಉಳಿಯಿತು, ಅದು ನನ್ನ ಸವಿತಾ. ಅವ್ವನ ರಕ್ತ ಪರೀಕ್ಷೆಗೆ ಹೋಗಬೇಕು, ರಿಪೋರ್ಟಿಗೆ ಒಂದು ತಿಂಗಳಾಗುತ್ತದೆ ಅಂದರು.

ಅಲ್ಲಿಂದಲೇ ಮಹಾದೇವಿಯವರಿಗೆ ಫೋನ್ ಮಾಡಿದೆ. "ನಿನ್ನೆ ನಾ ಸುಳ್ಳ ಹೇಳೇನ್ರಿ. ಅದು ಕಾಮಾಲಿ ಅಲ್ಲ. ರಕ್ತದ ರಿಪೋರ್ಟ್ ಬರೂತನಕ ನಿಶ್ಚಯ ಬ್ಯಾಡ್ರಿ." ಆ ಕಡೆಯಿಂದ ಫೋನ್ ಕಟ್ಟಾಯಿತು.

ಆ ತಿಂಗಳನ್ನು ಹೇಗೆ ಕಳೆದೆನೋ ಆ ದೇವರಿಗೇ ಗೊತ್ತು. ಅವ್ವನಿಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಡುವುದು ಶುರುವಾಗಿತ್ತು, ದಿನಾ ಮಿರಜಿಗೆ ಓಡಾಟ. ಸ್ನಾನಕ್ಕೆ ಹೋದಾಗ ನನ್ನ ಎದೆಯನ್ನು ನಾನೇ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಸವಿತಾ "ಮೊಣಕಾಲು ನೋಯಾಕತ್ತೈತಿ" ಅಂದಳು. ಸಣ್ಣ ಮೌಶಿಯ ಮಗನಿಗೂ ಹಿಂಗೇ ಶುರುವಾಗಿತ್ತು! ಅವಳ ಕಾಲು ಹಿಡಿದು ಒತ್ತುತ್ತ ಅಳತೊಡಗಿದೆ. "ಯವ್ವಾ, ಮೆಟ್ಟಲ ಎಡವೇನಿ!" ಅಂತ ಅವಳು ಬೈದಳು. ಸತ್ತಿಯಿಂದ ಒಂದೂ ಫೋನ್ ಬರಲಿಲ್ಲ. ಸಂಬಂಧ ಮುರಿಯಿತು ಅಂತ ನಾನೂ ಕೈಬಿಟ್ಟಿದ್ದೆ.

ರಿಪೋರ್ಟ್ ದಿನ ಕುರ್ಚಿಯಲ್ಲಿ ಕೂರಲಿಕ್ಕೇ ಆಗಲಿಲ್ಲ, ನಿಂತೇ ಕೇಳಿದೆ.

"ಕುಂದ್ರಿ ಮೊದಲ," ಅಂದರು ಡಾಕ್ಟರ್. "ತಾಯಿಯವರ ರಕ್ತದಾಗ ಇಲ್ರಿ. ಗಡ್ಡೆಯಾಗ ಅಷ್ಟ ಕೆಟ್ಟೈತಿ. ನಿಮಗಾಗ್ಲಿ ಮಗಳಿಗಾಗ್ಲಿ ಇವ್ರಿಂದ ಅದು ಬಂದಿಲ್ಲ. ಆದ್ರ ನಿಮ್ಮ ಮೌಶಿ ಮನಿಯವ್ರು ಬಂದು ತೋರಿಸ್ಕೊಳ್ಳಲಿ. ಅದು ಬ್ಯಾರೆ ಮಾತು."

ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅವ್ವ ನನ್ನ ಬೆನ್ನು ಸವರುತ್ತ, "ಮಿಶ್ರಿ ನಂದು, ರೋಗ ನಂದು. ಮೊಮ್ಮಗಳಿಗೆ ದಾಟಲಿಲ್ಲಲ್ಲ, ಸಾಕು," ಅಂದಳು.

ಕಣ್ಣೊರೆಸಿಕೊಂಡು ಹೊರಗೆ ಬಂದರೆ ಬೆಂಚಿನ ಮೇಲೆ ಮಹಾದೇವಿಯವರು ಒಬ್ಬರೇ ಕೂತಿದ್ದರು. ನನ್ನ ಮೈ ಉರಿಯಿತು. "ರಿಪೋರ್ಟ್ ನೋಡಾಕ ಬಂದೀರೇನ್ರಿ? ನಮ್ಮ ರಕ್ತ ಚಲೋ ಐತಿ, ಹೋಗ್ರಿ!" ಅಂದೆ.

ಅವರು ಮೇಲೇಳಲಿಲ್ಲ. "ನಮ್ಮವ್ವನೂ ಕಾಮಾಲಿ ಆಗಿ ಸತ್ತಳ್ರಿ," ಅಂದರು. "ನಮ್ಮಕ್ಕನೂ. ನಿಮ್ಮ ಮೌಶಿಯಂಥಾದ್ದ ಕಾಮಾಲಿ." ಸೆರಗಿನ ಮೇಲಿಂದ ಎಡಗಡೆ ಎದೆಗೆ ಕೈ ಒತ್ತಿ ಹಿಡಿದರು. "ನನಗ ಇಲ್ಲಿ ಗಂಟ ಹತ್ತಿ ಮೂರ ತಿಂಗಳಾತು. ಮನಿಯಾಗ ಯಾರಿಗೂ ಹೇಳಿಲ್ಲ. ನೀವ ಫೋನ್ ಮಾಡಿದ ದಿನದಿಂದ ದಿನಾ ಬರಬೇಕಂತೀನಿ, ಕಾಲ ಏಳವಲ್ವು. ನನ್ನ ಕೂಡ ಒಳಗ ಬರ್ತೀರೇನ್ರಿ?"

ಸಿಟ್ಟು ಎಲ್ಲಿ ಹೋಯಿತೋ! ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಡಾಕ್ಟರ್ ಹೊಸ ಹಾಳೆ ತೆಗೆದು ಕೇಳಿದರು, "ತಾಯಿ ಹೆಂಗ ತೀರ್ಕೊಂಡ್ರು?" ಮಹಾದೇವಿಯವರು ನನ್ನ ಬೆರಳನ್ನು ನೋಯುವಷ್ಟು ಒತ್ತಿ ಹಿಡಿದರು.

ಅವರ ಆಪರೇಷನ್ ಆಗಿದೆ. ಗಂಟು ಇನ್ನೂ ಸಣ್ಣದಿತ್ತು, ಬೇಗ ಬಂದಿರಿ ಅಂದರಂತೆ. ಅವರ ರಕ್ತವೂ ಪರೀಕ್ಷೆಗೆ ಹೋಗಿದೆ, ರಿಪೋರ್ಟಿಗೆ ಕಾಯುತ್ತಿದ್ದೇವೆ. ಏನೇ ಬಂದರೂ ತಿಳಿದುಕೊಂಡೇ ಮದುವೆ ಆಗುತ್ತೇವೆ ಅಂತ ಮಕ್ಕಳಿಬ್ಬರೂ ಕೂತು ಮಾತಾಡಿಕೊಂಡಿದ್ದಾರೆ. ಅವ್ವ ನೆನೆಸಿದ ರೊಟ್ಟಿ ತಿನ್ನುತ್ತಾಳೆ. ಮೌಶಿ ಮನೆಗೆ ಹೋಗಿ ವಿಷಯ ಹೇಳಿ, ಬೈಸಿಕೊಂಡು ಬಂದಿದ್ದೇನೆ. ಮತ್ತೆ ಹೋಗುತ್ತೇನೆ.

ಆದರೆ ನನಗೆ ಮರೆಯಲಾಗದ್ದು ಆ ಹೊಸ ಹಾಳೆಯ ಮುಂದೆ ಕೂತ ಗಳಿಗೆ. ಅವರ ಬಾಯಿಂದ ಬಾರದ ಮಾತನ್ನು ಕಡೆಗೆ ನಾನೇ ಹೇಳಿದೆ.

"ಬರಕೋರಿ ಮ್ಯಾಡಮ್. ಕಾಮಾಲಿ ಅಲ್ಲ."